ಆಟಮ್ ಲೀವ್ಸ್: ಯಾರ ಹಾಡನ್ನು ಹಿಡಿದು ಕಲಿಯಲಿ?

ತಗ್ಗುದನಿ: ಒಂದೇ ಗಿಟಾರ್ ಇಟ್ಟುಕೊಂಡು 'ಆಟಮ್ ಲೀವ್ಸ್' ಹಾಡಬೇಕು. ಕೈಯಲ್ಲಿರುವುದು ಮೂರು ವಾರ, ನನ್ನದು ತಗ್ಗಿನ ದನಿ. ನ್ಯಾಟ್ ಕಿಂಗ್ ಕೋಲ್, ಈವಾ ಕ್ಯಾಸಿಡಿ ಹಾಡಿದ್ದು, ಕ್ಯಾನನ್‌ಬಾಲ್ ಆಡರ್ಲಿ (ಸ್ಯಾಕ್ಸೊಫೋನ್), ಬಿಲ್ ಎವನ್ಸ್ (ಪಿಯಾನೊ) ನುಡಿಸಿದ್ದು, ನಾಲ್ಕನ್ನೂ ಕೇಳಿದೆ. ಒಂದೇ ಹಾಡು ಅಂತ ಅನಿಸುವುದೇ ಇಲ್ಲ. ಯಾವುದನ್ನು ಹಿಡಿಯಲಿ? ಹೋಲಿಸುವಾಗ ಏನನ್ನು ಗಮನಿಸಬೇಕು?

ಐದನೇ ಎಣಿಕೆ: ಕ್ಯಾಸಿಡಿ. 1996ರ ಜನವರಿಯಲ್ಲಿ ವಾಷಿಂಗ್ಟನ್ನಿನ ಬ್ಲೂಸ್ ಆಲಿ ಕ್ಲಬ್ಬಿನಲ್ಲಿ ಹಾಡಿದ್ದು, ತುಂಬ ನಿಧಾನ. ಆದರೆ ಆ ನಿಧಾನಕ್ಕೆ ತೆರಬೇಕಾದ ಬೆಲೆ ಉಸಿರು. ಹಾಡು 32 ಬಾರ್ ಉದ್ದ, ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ. ನಿಮಿಷಕ್ಕೆ 60 ಎಣಿಕೆಯ ಲಯದಲ್ಲಿ ಒಂದು ಸುತ್ತಿಗೆ 2 ನಿಮಿಷ 8 ಸೆಕೆಂಡು, 120ರಲ್ಲಿ ಬರೀ 64 ಸೆಕೆಂಡು. ಮೊದಲ ಸಾಲು ಬಂದು ನಿಲ್ಲುವ ಸ್ವರ 5 ಎಣಿಕೆ, ಮುಂದಿನ ಸಾಲಿನ ಎತ್ತುಗಡೆ 3 ಎಣಿಕೆ. ಉಸಿರು ತೆಗೆಯಲು ಜಾಗ ಆ ಐದನೇ ಎಣಿಕೆ ಒಂದೇ. ಎತ್ತುಗಡೆಯ ಮೂರು ಸ್ವರ ಹಾಡಿ, ನಾಲ್ಕನೆಯದಕ್ಕೆ ನೆಗೆಯುವ ಮುಂಚೆ ಉಸಿರೆಳೆದರೆ ಸಾಲು ನಡುವೆ ಕಡಿದುಹೋಗುತ್ತದೆ. ಇದನ್ನು ಸರಿಮಾಡದೆ ಭಾವ ತುಂಬಲು ಹೋದರೆ ವ್ಯರ್ಥ.

ನಾಲ್ಕು ತಂತಿ: ಮೂರು ವಾರ ಇರುವವರಿಗೆ ಕ್ಯಾಸಿಡಿಯನ್ನು ಹೇಳುವುದು ಅನ್ಯಾಯ ರೀ. ಕೋಲ್ ಹಾಡಿದ್ದು, 1956ರ ಸಿನಿಮಾದ ಶೀರ್ಷಿಕೆಗೆ ಬಳಸಿದ್ದು, ಧಾಟಿಯನ್ನು ಎಲ್ಲೂ ಮುರಿಯುವುದಿಲ್ಲ. ಮೊದಲು ಧಾಟಿ ಕಲಿಯಿರಿ. ರಾಗ ಕೀರವಾಣಿ ಅಂದುಕೊಂಡರೆ ಸಾಕು. ಗಿಟಾರಿಗೆ ಇ ಮೈನರ್ ಸುಲಭ, ಕಾರ್ಡುಗಳು ಇವು: ಎಎಮ್7, ಡಿ7, ಜಿ ಮೇಜರ್7, ಸಿ ಮೇಜರ್7, ಎಫ್ ಶಾರ್ಪ್ ಎಮ್7 ಫ್ಲಾಟ್ 5, ಬಿ7, ಇಎಮ್. ಎಲ್ಲರೂ ಕೆಡಿಸುವುದು ಐದನೇ ಕಾರ್ಡನ್ನು. ಬಿ ತಂತಿಯಲ್ಲಿ, ಅಂದರೆ ಎರಡನೆಯದರಲ್ಲಿ, 1ನೇ ಫ್ರೆಟ್ ಒತ್ತುವ ಬದಲು 2ನೆಯದನ್ನು ಒತ್ತಿದರೆ ಅದು ಮಾಮೂಲಿ ಮೈನರ್7 ಆಗುತ್ತದೆ, ಆ ಸಾಲಿನ ಅಳುವೇ ಹೋಗಿಬಿಡುತ್ತದೆ. ಆರನೇ ತಂತಿ 2ನೇ ಫ್ರೆಟ್, ನಾಲ್ಕನೆಯದು 2, ಮೂರನೆಯದು 2, ಎರಡನೆಯದು 1. ಐದನೆಯದನ್ನೂ ಒಂದನೆಯದನ್ನೂ ಮುಟ್ಟಬೇಡಿ. ಕ್ಯಾನನ್‌ಬಾಲ್ ರೆಕಾರ್ಡಿನ ಜೊತೆ ನುಡಿಸಬೇಕಾದರೆ ಇದೇ ಬೆರಳುಗಳು, 3ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು), ಜಿ ಮೈನರ್ ಬಂತು.

ನಟಭೈರವಿ: ಕೀರವಾಣಿ ಅಂತ ಹೇಳಿಕೊಟ್ಟು ಯಾರನ್ನೂ ಹಾಳುಮಾಡಬೇಡಿ. ಸ್ವರ ಹಾಕಿ ನೋಡಿ. ಮೊದಲ ಸಾಲು ಸ ರಿ ಗ ಧ, ಎರಡನೆಯದು ನಿ ಸ ರಿ ಪ, ಮೂರನೆಯದು ಧ ನಿ ಸ ಮ. ಇಲ್ಲಿಯತನಕ ಶುದ್ಧ ಧೈವತ, ಕೈಶಿಕಿ ನಿಷಾದ (ಎರಡೂ ತಗ್ಗಿನವು), ಅಪ್ಪಟ ನಟಭೈರವಿ ರಾಗ. ನಾಲ್ಕನೆಯದು ಪ ಧ ನಿ ಗ, ಅಲ್ಲಿ ಧೈವತ ಚತುಶ್ರುತಿ, ನಿಷಾದ ಕಾಕಲಿ (ಒಂದೊಂದು ಅರ್ಧಸ್ವರ ಮೇಲಿನವು), ಅಂದರೆ ಗೌರಿಮನೋಹರಿ ರಾಗದ ಮೆಟ್ಟಿಲು. ಕೀರವಾಣಿ ಹಾಡಿದರೆ ಶುದ್ಧ ಧೈವತ, ಕಾಕಲಿ ನಿಷಾದಗಳ ನಡುವೆ ಮೂರು ಅರ್ಧಸ್ವರದ ಹಳ್ಳ ಬೀಳುತ್ತದೆ, ಆ ಧಾಟಿಯಲ್ಲಿ ಅದಿಲ್ಲ. ಇನ್ನೊಂದು: ಮೊದಲ ಮೂರು ಸಾಲಿನಲ್ಲಿ ಕೊನೆಯ ಸ್ವರಕ್ಕೆ ನೆಗೆತ 5 ಅರ್ಧಸ್ವರ, ನಾಲ್ಕನೆಯದು 4 ಮಾತ್ರ. ಅಭ್ಯಾಸಬಲದಿಂದ ಅಲ್ಲೂ ಐದೇ ನೆಗೆದರೆ ಗಾಂಧಾರ ಏರಿ ಮೈನರ್ ಕಾರ್ಡಿಗೆ ಬಡಿಯುತ್ತದೆ. ಸಾಲುಗಳು ಬಂದು ನಿಲ್ಲುವ ಸ್ವರಗಳನ್ನಷ್ಟೇ ಪೋಣಿಸಿ: ಧ, ಪ, ಮ, ಗ. ಎಲೆ ಉದುರುವುದು ಅಲ್ಲಿ. ಯಾವ ಹಾಡುಗಾರರನ್ನಾದರೂ ಹೋಲಿಸಿ, ಈ ನಾಲ್ಕು ಸ್ವರಗಳ ಮೇಲೆ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ, ಯಾವುದನ್ನು ಜಾರಿಸಿಬಿಡುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು.

ನಾಲ್ಕು ತಂತಿ: ಬಿ7 ಕಾರ್ಡಿನ ಮೇಲೆ ಫ್ಲಾಟ್ 9, ಅಂದರೆ ಸಿ ಸ್ವರ, ನುಡಿಸಿದಾಗ ಶುದ್ಧ ಧೈವತ, ಕಾಕಲಿ ನಿಷಾದ ಎರಡೂ ಒಟ್ಟಿಗೆ ಕೇಳುತ್ತವೆ. ಅದು ಕೀರವಾಣಿ ಅಲ್ಲದೆ ಇನ್ನೇನು?

ನಟಭೈರವಿ: ಅದು ಕಾರ್ಡಿನ ಬಣ್ಣ. ಹಾಡುವುದು ಧಾಟಿಯನ್ನು. ಎರಡನ್ನೂ ಕಲಸಬೇಡಿ ಸ್ವಾಮಿ.

ಮೊದಲ ಎಲೆ: ಮೂಲ ಫ್ರೆಂಚ್ ಹಾಡನ್ನೇ ಬಿಟ್ಟು ಎಲ್ಲರೂ ಜಗಳಕ್ಕೆ ನಿಂತಿದ್ದೀರಿ. ಜೋಸೆಫ್ ಕೊಸ್ಮಾ ಸಂಗೀತ, ಝಾಕ್ ಪ್ರೆವೆರ್ ಸಾಹಿತ್ಯ, 1946ರ ಮಾರ್ಸೆಲ್ ಕಾರ್ನೆ ಸಿನಿಮಾ. ಈವ್ ಮೊಂತಾನ್ ಹಾಡಿದ್ದನ್ನು ಕೇಳದೆ ಹೋಲಿಕೆಯೇ ಇಲ್ಲ. ಫ್ರೆಂಚಿನಲ್ಲಿ ಪಲ್ಲವಿಗೆ ಮುಂಚೆ ಉದ್ದನೆಯ ಪೀಠಿಕೆ ಇದೆ, ಮಾತಾಡಿದ ಹಾಗೆ ಹಾಡುವುದು. ಇಂಗ್ಲಿಷಿನಲ್ಲಿ ಎಲ್ಲರ ಬಾಯಲ್ಲಿರುವುದು ಜಾನಿ ಮರ್ಸರ್ ಬರೆದ ಪಲ್ಲವಿ ಮಾತ್ರ. ಫ್ರೆಂಚ್ ಹಾಡು ಮುಗಿಯುವುದು ಅಗಲಿದ ಪ್ರೇಮಿಗಳ ಹೆಜ್ಜೆಗುರುತನ್ನು ಸಮುದ್ರ ಅಳಿಸುವಲ್ಲಿ. ಮರ್ಸರ್‌ನಲ್ಲಿ ಸಮುದ್ರವೇ ಇಲ್ಲ, ಎಲೆ ಉದುರುವಾಗ ನಿನ್ನ ನೆನಪು ಅಷ್ಟೇ. ಅರ್ಧ ದುಃಖ ಆಚೆ ಉಳಿಯಿತು.

ಐದನೇ ಎಣಿಕೆ: ಅರ್ಧ ಅಂತ ಅಳೆದವರು ಯಾರು? ಮಾತು ಕಡಿಮೆಯಾದಷ್ಟೂ ಸ್ವರಕ್ಕೆ ಜಾಗ. ಪೀಠಿಕೆ ಇಲ್ಲದೆಯೂ ಕ್ಯಾಸಿಡಿ ಏನು ಮಾಡಿದ್ದಾರೆ ಅಂತ ಇನ್ನೊಮ್ಮೆ ಕೇಳಿ.

ಮೊದಲ ಎಲೆ: ಕೇಳಿದ್ದೇನೆ. ಪೀಠಿಕೆ ಇಲ್ಲದ್ದು ಬಾಗಿಲಿಲ್ಲದ ಮನೆ.

ಮ್ಯೂಟ್ ತುತ್ತೂರಿ: ವಾದ್ಯದವರ ಬಗ್ಗೆ ಯಾರೂ ಹೇಳಲಿಲ್ಲ. ಕ್ಯಾನನ್‌ಬಾಲ್ ಆಲ್ಬಂ 1958ರದು, ಆದರೆ ಧಾಟಿಯನ್ನು ಹೇಳುವುದು ಮೈಲ್ಸ್ ಡೇವಿಸ್, ತುತ್ತೂರಿಗೆ ಮ್ಯೂಟ್ (ದನಿ ತಗ್ಗಿಸುವ ಮುಚ್ಚಳ) ಹಾಕಿ. ಹಾಡುವವರು ಕಲಿಯಬೇಕಾದ್ದು ಅಲ್ಲೇ ಇದೆ: ಸ್ವರ ಬೇಗ ಬಿಟ್ಟು ಮೌನವನ್ನು ಎಣಿಕೆ ತುಂಬ ಉಳಿಸುವುದು. ಹನ್ನೊಂದು ನಿಮಿಷದ ಹತ್ತಿರ ಇದೆ, ಧಾಟಿ ಮುಗಿಯುವತನಕ ಕೇಳಿದರೆ ಸಾಕು. ಶುರುವಿನಲ್ಲಿ ಬರುವ ಮುನ್ನುಡಿಯ ಮೂಲ ಪಿಯಾನೊದ ಅಹ್ಮದ್ ಜಮಾಲ್ ನುಡಿಸಿದ್ದು, ಅದನ್ನು ಹಾಡಿನ ಭಾಗ ಅಂದುಕೊಂಡು ಗಿಟಾರಿನಲ್ಲಿ ಹುಡುಕಬೇಡಿ. ಎವನ್ಸ್ ಈಗ ಬೇಡ. ಅಲ್ಲಿ ಸ್ಕಾಟ್ ಲಫಾರೊನ ಬಾಸ್ ಎಣಿಕೆಗೊಂದು ಸ್ವರ ಹಾಕುತ್ತಾ ಸಾಗುವುದಿಲ್ಲ, ಪಿಯಾನೊಗೆ ಎದುರು ಮಾತಾಡುತ್ತದೆ, ಹೊಸಬರಿಗೆ ಸಮ ತಪ್ಪಿಹೋಗುತ್ತದೆ.

ನಾಲ್ಕು ತಂತಿ: ತಪ್ಪಿಹೋಗುವುದಿಲ್ಲ, ಡ್ರಮ್ಸ್ ಕೇಳಿ.

ಮ್ಯೂಟ್ ತುತ್ತೂರಿ: ಯಾವ ಟೇಕ್ ಕೇಳಿದ್ದೀರಿ? 1959ರ ಡಿಸೆಂಬರಿನ ಆ ರೆಕಾರ್ಡಿಂಗ್‌ನಲ್ಲಿ ಎರಡು ಟೇಕ್ ಇವೆ, ಒಂದು ಸ್ಟೀರಿಯೊ, ಒಂದು ಮೋನೊ, ನುಡಿಸಾಣಿಕೆಯೇ ಬೇರೆ ಬೇರೆ. ಅದನ್ನು ಹೇಳದೆ ವಾದ ಮಾಡಬೇಡಿ.

ತಗ್ಗುದನಿ: ತಗ್ಗಿನ ದನಿಯ ಬಗ್ಗೆ ಯಾರಾದರೂ ಹೇಳುತ್ತೀರಾ?

ನಟಭೈರವಿ: ಆ ನಾಲ್ಕು ಸಾಲಿನ ಹರವು ಮಂದ್ರ ಪಂಚಮದಿಂದ ಮಧ್ಯದ ಶುದ್ಧ ಧೈವತದವರೆಗೆ, ಒಂದು ಸ್ಥಾಯಿಯ ಮೇಲೆ ಅರ್ಧಸ್ವರ. ನಾಲ್ಕನೇ ಸಾಲಿನ ಪಂಚಮ ಗಾಳಿಯಾಗಿ ಹೋದರೆ ಇ ಮೈನರಿನಿಂದ ಕೇಪೋ ಒಂದೊಂದೇ ಫ್ರೆಟ್ ಏರಿಸಿ. ಕೀರವಾಣಿಯಲ್ಲಿ ಮಾತ್ರ ಹಾಡಬೇಡಿ.

ನಾಲ್ಕು ತಂತಿ: ಮತ್ತೆ ಶುರುಮಾಡಿದಿರಾ?