ಸಂಬಳವಿಲ್ಲದ ದುಡಿಮೆಗೂ 'ಉದ್ಯೋಗ ಪರವಾನಗಿ'ಯೇ?

ಬಲ್ಲವರಿಗೆ ನಮಸ್ಕಾರ.

ನೆರೆ, ಭೂಕಂಪದ ಪರಿಹಾರ ಕಾರ್ಯಕ್ಕೆಂದು ಹೊರದೇಶಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. 'ವರ್ಕ್ ಪರ್ಮಿಟ್', ಅಂದರೆ ಹೊರಗಿನವರು ಕೆಲಸ ಮಾಡಲು ಆ ದೇಶದ ಸರ್ಕಾರ ಕೊಡುವ ಒಪ್ಪಿಗೆ ಪತ್ರ, ಇದನ್ನು ಕನ್ನಡಿಸುವಲ್ಲಿ ತೊಡಕು. 'ಉದ್ಯೋಗ ಪರವಾನಗಿ' ಎನ್ನುವುದು ರೂಢಿ. ಆದರೆ ಉದ್ಯೋಗ ಎಂದೊಡನೆ ಮನಸ್ಸಿಗೆ ಬರುವುದು ಸಂಬಳ. "ನಾನು ಪುಕ್ಕಟೆ ದುಡಿಯಲು ಹೊರಟವನು, ನನಗೇಕೆ ಇದು?" ಎಂದು ಓದುವವರು ಪುಟ ಮಗುಚಿಬಿಡುತ್ತಾರೆ. ಸಿಕ್ಕಿಬೀಳುವುದೇ ಅಲ್ಲಿ.

ಥಾಯ್ಲೆಂಡನ್ನೇ ನೋಡಿ. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಖಾವೊ ಲಾಕ್ ಕರಾವಳಿಗೆ ಹೊರದೇಶಗಳ ಸ್ವಯಂಸೇವಕರು ಧಾವಿಸಿದರು. ಆಗ ಜಾರಿಯಲ್ಲಿದ್ದದ್ದು ವಿದೇಶೀಯರ ಕೆಲಸ ಕುರಿತ 1978ರ ಕಾಯಿದೆ. ಅದರ ಪ್ರಕಾರ ಮೈಬಲದಿಂದಾಗಲಿ ತಿಳಿವಳಿಕೆಯಿಂದಾಗಲಿ ಮಾಡಿದ್ದೆಲ್ಲ ಕೆಲಸ, ಕೂಲಿ ಸಿಗಲಿ ಬಿಡಲಿ. ಅಂದಮೇಲೆ ಬಿದ್ದ ಮನೆಯ ಇಟ್ಟಿಗೆ ಹೊರುವುದೂ ಕೆಲಸ, ಮಕ್ಕಳಿಗೆ ಪಾಠ ಹೇಳುವುದೂ ಕೆಲಸ. 15 ದಿನ ಮೀರದ ತುರ್ತು ಕೆಲಸಕ್ಕೆ ಪರವಾನಗಿಯಿಂದ ವಿನಾಯಿತಿ ಇತ್ತು, ಅದಕ್ಕೂ ಬರಹದಲ್ಲಿ ತಿಳಿಸಬೇಕಿತ್ತು. (ಊರಿಗೆ ಊರೇ ಕೊಚ್ಚಿಹೋದಲ್ಲಿ 15 ದಿನಕ್ಕೆ ಏನು ತಾನೇ ಮುಗಿದೀತು!)

ಹಾಗಾಗಿ ನನ್ನ ಒಲವು 'ಕೆಲಸದ ಪರವಾನಗಿ' ಕಡೆಗೆ. ಮನೆಗೆಲಸ, ಗದ್ದೆಗೆಲಸ, ದೇವರ ಕೆಲಸ, ಎಲ್ಲಕ್ಕೂ ಸಲ್ಲುವ ಮಾತದು, ಸಂಬಳದ ಹಂಗಿಲ್ಲ. 'ಅನುಮತಿ' ತೀರ ಸಡಿಲ, ಬಾಯಿಮಾತಿನದೂ ಅನುಮತಿಯೇ. 'ರಹದಾರಿ' ಎಂದರೆ ಬಸ್ಸು ಲಾರಿಗಳೇ ಕಣ್ಣಿಗೆ ಬರುತ್ತವೆ.

ಬ್ರಿಟನ್ನಿನದು ಇನ್ನೂ ಕಗ್ಗಂಟು. ಅಲ್ಲಿನ ವಲಸೆ ನಿಯಮದಲ್ಲಿ 'ವಾಲಂಟಿಯರಿಂಗ್' ಬೇರೆ, 'ವಾಲಂಟರಿ ವರ್ಕ್' ಬೇರೆ. ಎರಡನೆಯದಕ್ಕೆ ಕರಾರು ಉಂಟು: ಇಂಥ ಹೊತ್ತಿಗೆ ಬರಬೇಕು, ಇಂಥದ್ದು ಮಾಡಬೇಕು ಎಂಬ ಕಟ್ಟುಪಾಡು. ಮೊದಲನೆಯದಕ್ಕೆ ಅದಿಲ್ಲ, ಕೈಯಿಂದ ಹಾಕಿದ ಖರ್ಚಷ್ಟೇ ವಾಪಸು. ಸಂದರ್ಶಕ ವೀಸಾದವರು ನೋಂದಾಯಿತ ದತ್ತಿ ಸಂಸ್ಥೆಯೊಂದಕ್ಕೆ ಒಟ್ಟು 30 ದಿನದವರೆಗೆ ಈ ಮೊದಲನೆಯದನ್ನು ಮಾಡಬಹುದು, ಬಂದ ಮುಖ್ಯ ಉದ್ದೇಶ ಮಾತ್ರ ಅದಾಗಿರಬಾರದು.

ಕನ್ನಡದಲ್ಲಿ ಎರಡನ್ನೂ 'ಸ್ವಯಂಸೇವೆ' ಎಂದರೆ ಓದುಗರನ್ನು ಹಳ್ಳಕ್ಕೆ ತಳ್ಳಿದಂತೆ. ಎರಡನೆಯದಕ್ಕೆ 'ಕರಾರಿನ ಸೇವೆ' ಎನ್ನೋಣವೆಂದರೆ ಸಂಬಳವಿಲ್ಲ ಎಂಬುದು ಬಿಟ್ಟುಹೋಗುತ್ತದೆ. 'ಬಿಟ್ಟಿ' ಸೇರಿಸಿದರೆ ಹಳೆಯ ಬಿಟ್ಟಿಚಾಕರಿಯ ವಾಸನೆ. 'ಶ್ರಮದಾನ'ಕ್ಕೆ ಕರಾರೇ ಹೊಂದದು.

ಕಾರ್ಮಿಕ ಕಾನೂನಿನ ಕಡತಗಳಲ್ಲಿ ಪಳಗಿದವರು ಯಾರಾದರೂ ಇದ್ದರೆ, ಸಂಬಳವಿಲ್ಲದ ಆದರೆ ಕರಾರುಳ್ಳ ಕೆಲಸಕ್ಕೆ ಕಚೇರಿಯಲ್ಲಿ ಏನೆನ್ನುತ್ತೀರಿ?