ಪದ ಬೇಕು: ‘ಬೈ ಡಿಫಾಲ್ಟ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆ ಪ್ರೆಸ್ಸಿಗೆ

ಕೊಥ್ರೂಡ್, ಪುಣೆಯಿಂದ

ಈ ಮೇಲ್ ಪಟ್ಟಿಯ ಎಲ್ಲರಿಗೂ ನಮಸ್ಕಾರ.

ಅವಸರದ ಕೆಲಸ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗಕ್ಕೆ ಒಂದು ಆಫೀಸಿನವರು 12 ಹಳೆ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಎಲ್ಲಕ್ಕೂ ಲಿನಕ್ಸ್ (ವಿಂಡೋಸಿನ ಹಾಗೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ತಂತ್ರಾಂಶ) ಹಾಕಿದ್ದೇವೆ, ಎರಡರಲ್ಲಿ ಮಾತ್ರ ವಿಂಡೋಸನ್ನೂ ಉಳಿಸಿಕೊಂಡಿದ್ದೇವೆ. ಶನಿವಾರದ ಕ್ಲಾಸಿಗೆ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಮನೆಯಲ್ಲಿ ಮಗನದೋ ಸೊಸೆಯದೋ ಕಂಪ್ಯೂಟರು, ಅದರಲ್ಲಿ ವಿಂಡೋಸು. ಫೋಟೋ, ಭಜನೆ, ಹಳೇ ಪತ್ರ ಎಲ್ಲ ಪೆನ್‌ಡ್ರೈವಿನಲ್ಲೋ ಹಾರ್ಡ್‌ಡಿಸ್ಕಿನಲ್ಲೋ ತುಂಬಿಕೊಂಡು ಬರುತ್ತಾರೆ. “ಇದರಾಗ ತೆರೀತದೇನ್ರಿ?” ಅಂತ ಎಲ್ಲರದೂ ಒಂದೇ ಪ್ರಶ್ನೆ. ಉತ್ತರ ಕೊಟ್ಟು ಕೊಟ್ಟು ಸಾಕಾಗಿ, ಮುಚ್ಚಳದ ಮೇಲೆ ಅಂಟಿಸಲು ಒಂದು ಕಾರ್ಡ್ ಮಾಡಿಸುತ್ತಿದ್ದೇವೆ.

ಲಿನಕ್ಸ್ ಜತೆ ಬಂದ ಇಂಗ್ಲಿಷ್ ಟಿಪ್ಪಣಿಯ ಒಂದು ಸಾಲನ್ನು ನಾನು ಹೀಗೆ ಮಾಡಿದ್ದೇನೆ:

“ಈ ವಿತರಣೆಯಲ್ಲಿ ವಿಂಡೋಸ್ ಕಡತ ವ್ಯವಸ್ಥೆಗೆ ಬೆಂಬಲವನ್ನು ಪೂರ್ವನಿಯೋಜಿತವಾಗಿ ಅಳವಡಿಸಲಾಗಿದೆ.”

ವಿತರಣೆ ಅಂದರೆ ಡಿಸ್ಟ್ರೋ, ಲಿನಕ್ಸನ್ನು ಬೇಕಾದ ಪ್ರೋಗ್ರಾಂಗಳ ಜತೆ ಕಟ್ಟಿ ಕೊಡುವ ಒಂದು ಗಂಟು. ಕಡತ ವ್ಯವಸ್ಥೆ ಅಂದರೆ ಫೈಲ್ ಸಿಸ್ಟಮ್, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಬಗೆ. ಅಮ್ಮನಿಗೆ ಓದಿ ಹೇಳಿದೆ. “ಪೂರ್ವನಿಯೋಜಿತ ಅಂದ್ರ... ಯಾರದರ ಖೂನಿ ಆತೇನ?” ಅಂದಳು. ಆಕೆ ಪೇಪರಿನಲ್ಲಿ ಓದುವ ಪೂರ್ವನಿಯೋಜಿತ ಎಲ್ಲ ಪೊಲೀಸ್ ಕೇಸಿನದೇ.

ಬೇಕಾದದ್ದು ಇಷ್ಟೇ. ‘ಬೈ ಡಿಫಾಲ್ಟ್’ಗೆ ಒಂದು ಪದ. ಮತ್ತೆ ‘ಸಪೋರ್ಟ್’ಗೆ ಬೆಂಬಲ ನಡೆಯುತ್ತದಾ? ನಾಳೆ ಸಂಜೆ 6ಕ್ಕೆ ಶನಿವಾರ ಪೇಟೆಯ ಪ್ರೆಸ್ಸಿಗೆ ಕಳಿಸಬೇಕು. ಅವರಿಗೆ ಕನ್ನಡ ಬರುವುದಿಲ್ಲ, ತಪ್ಪು ಹೋದರೆ ತಪ್ಪೇ ಅಚ್ಚಾಗುತ್ತದೆ.

ಡೊಂಬಿವಲಿಯಿಂದ

ಪೂರ್ವನಿಯೋಜಿತ ಬಿಸಾಡಿ. ವ್ಯವಸ್ಥೆಯನ್ನೂ ಬಿಸಾಡಿ. ಕಡತ ನಮ್ಮದು, ವ್ಯವಸ್ಥೆ ಸಂಸ್ಕೃತದ್ದು, ಎರಡನ್ನೂ ಕೂಡಿಸಿದರೆ ಅರಿಸಮಾಸ. ಬೆಂಬಲವೂ ಅದೇ ಜಾತಿ: ಬೆನ್ನು ಕನ್ನಡ, ಬಲ ಸಂಸ್ಕೃತ.

ಒಂದು ಸಮಾಧಾನ, ಫೈಲ್ ಅನ್ನದೆ ಕಡತ ಅಂದಿರಿ. ಕಡತ ಅಂದರೆ ಏನು ಅಂತ ಈಗಿನವರಿಗೆ ಗೊತ್ತಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ಅಂಗಡಿ ಲೆಕ್ಕ, ಮಠದ ಲೆಕ್ಕ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇಂದಿಗೂ ಇವೆ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ನಿಮ್ಮ ಪೆನ್‌ಡ್ರೈವ್ ಇದಕ್ಕಿಂತ ಹೊಸದೇನೂ ಮಾಡುವುದಿಲ್ಲ.

ಹಾಗಾಗಿ: ಕಡತದೇರ್ಪಾಡು. ಡಿಫಾಲ್ಟ್ ಸಪೋರ್ಟ್: ಹುಟ್ಟಾಸರೆ.

ಮುಲುಂಡ್‌ನಿಂದ

ಮೇಷ್ಟ್ರಿಗೆ ನಮಸ್ಕಾರ. ಹುಟ್ಟಾಸರೆ ಕೇಳಿದರೆ ನನಗೆ ಬಾಣಂತಿ ವಾರ್ಡ್ ನೆನಪಾಗುತ್ತದೆ.

ನಾನು 31 ವರ್ಷ ಸಹಕಾರಿ ಬ್ಯಾಂಕಿನಲ್ಲಿ ಇದ್ದವನು. ನಮ್ಮಲ್ಲಿ ಡಿಫಾಲ್ಟ್ ಅಂದರೆ ಸುಸ್ತಿ. ಡಿಫಾಲ್ಟರ್ ಅಂದರೆ ಸುಸ್ತಿದಾರ. ಸಾಲ ಕಟ್ಟದವರ ಹೆಸರನ್ನು ಬೋರ್ಡಿಗೆ ಹಾಕುವಾಗ ನಾವು ಬರೆಯುತ್ತಿದ್ದದ್ದೇ ಹಾಗೆ. ಒಮ್ಮೆ ಯಾವುದೋ ಫಾರಂನ ಕನ್ನಡ ನೋಡಿದೆ, ‘ಡಿಫಾಲ್ಟ್ ಭಾಷೆ’ಗೆ ‘ಸುಸ್ತಿ ಭಾಷೆ’ ಅಂತ ಹಾಕಿದ್ದರು. ನಗಬೇಡಿ, ಎರಡೂ ಇಂಗ್ಲಿಷಿನಲ್ಲಿ ಒಂದೇ ಮಾತು. ಮೂಲದಲ್ಲಿ ಆ ಪದಕ್ಕೆ ಕೊರತೆ, ತಪ್ಪಿದ್ದು ಅಂತಲೇ ಅರ್ಥ. ಸಾಲಗಾರ ದುಡ್ಡು ಕಟ್ಟದೆ ತಪ್ಪಿದ. ಕಂಪ್ಯೂಟರಿನ ಮುಂದೆ ಕೂತವನು ಏನು ಬೇಕು ಅಂತ ಹೇಳದೆ ತಪ್ಪಿದ. ಅವನು ಹೇಳದೆ ಹೋದಾಗ ಯಂತ್ರ ಏನು ಮಾಡುತ್ತದೋ ಅದು ಡಿಫಾಲ್ಟ್.

ಆದರೆ ಈ ತಂಗಿಯ ಸಾಲಿನಲ್ಲಿ ಆ ಅರ್ಥ ಇಲ್ಲ, ಗಮನಿಸಿ. ಅಕ್ಷರದ ಗಾತ್ರ 12 ಅಂತ ಮೊದಲೇ ಇಟ್ಟಿರುತ್ತಾರಲ್ಲ, ಅದು ಹೇಳದಿದ್ದರೆ ಆಗುವುದು. ಇಲ್ಲಿ ಇರುವುದು ಬೇರೆ: ಬೇರೆಯಾಗಿ ತಂದು ಹಾಕಿಕೊಳ್ಳಬೇಕಿಲ್ಲ, ಜತೆಗೇ ಬಂದಿದೆ ಅಂತ. ಎರಡಕ್ಕೂ ಒಂದೇ ಪದ ಹುಡುಕಿದರೆ ಎರಡೂ ಕೆಡುತ್ತವೆ.

ಹಾಂ, ವಿತರಣೆ ಬೇಡ. ಸತ್ಯನಾರಾಯಣ ಪೂಜೆ ಮುಗಿದ ಮೇಲೆ ಆಗುವುದು ವಿತರಣೆ.

ಲ್ಯಾಮಿಂಗ್ಟನ್ ರೋಡ್, ಮುಂಬಯಿಯಿಂದ

ಶಬ್ದದ ಜಗಳ ಆಮೇಲೆ. ಅಕ್ಕಾ, ನಿಮ್ಮ ಸಾಲೇ ತಪ್ಪು.

‘ವಿಂಡೋಸ್ ಕಡತ ವ್ಯವಸ್ಥೆ’ ಅಂತ ಒಂದೇ ಇಲ್ಲ. ನನ್ನ ಟೇಬಲ್ ಮೇಲೆ ದಿನಾ ಬರುವುದು ಮೂರು. ಚಿಕ್ಕ ಪೆನ್‌ಡ್ರೈವಿನಲ್ಲಿ ಹೆಚ್ಚಾಗಿ ಫ್ಯಾಟ್32. ಅದು ಲಿನಕ್ಸಿನಲ್ಲಿ ಮೊದಲಿಂದಲೂ ತೆರೆಯುತ್ತದೆ. ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ, ಮದುವೆ ವೀಡಿಯೋ ತಂದವರು ಅಲ್ಲೇ ಸಿಕ್ಕಿಬೀಳುತ್ತಾರೆ. ದೊಡ್ಡ ಕಾರ್ಡು, ದೊಡ್ಡ ಪೆನ್‌ಡ್ರೈವಿನಲ್ಲಿ ಎಕ್ಸ್‌ಫ್ಯಾಟ್, 2006ರದ್ದು. ಮೈಕ್ರೋಸಾಫ್ಟ್ ಅದರ ವಿವರವನ್ನು ಎಲ್ಲರಿಗೂ ತೆರೆದದ್ದು 2019ರಲ್ಲಿ. ಅದೇ ವರ್ಷದ ಕೊನೆಗೆ ಲಿನಕ್ಸ್ ಕರ್ನೆಲ್ (ಲಿನಕ್ಸಿನ ತಿರುಳು) 5.4ರಲ್ಲಿ ಬಂತು. ಅಲ್ಲಿಯವರೆಗೆ ಪೇಟೆಂಟಿನ ಹೆದರಿಕೆಗೆ ಎಷ್ಟೋ ಡಿಸ್ಟ್ರೋದವರು ಅದನ್ನು ಜತೆಗೆ ಕೊಡುತ್ತಿರಲಿಲ್ಲ, ಬೇಕಾದವರೇ ಆಮೇಲೆ ಹಾಕಿಕೊಳ್ಳಬೇಕಿತ್ತು.

ಮೂರನೆಯದು ಎನ್‌ಟಿಎಫ್‌ಎಸ್, 1993ರಲ್ಲಿ ವಿಂಡೋಸ್ ಎನ್‌ಟಿ ಜತೆ ಬಂದದ್ದು. ವಿಂಡೋಸ್ ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್ ಎಲ್ಲಾ ಇದೇ. ಇದನ್ನು ಓದುವುದು ಲಿನಕ್ಸಿಗೆ ಬೇಗ ಬಂತು, ನೆಮ್ಮದಿಯಿಂದ ಬರೆಯಲು ಬಂದದ್ದು 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಗಟ್ಟಿಯಾದ ಮೇಲೆ. ಅದೇ ವರ್ಷ ಉಬುಂಟು ಅನ್ನುವ ಡಿಸ್ಟ್ರೋ ತನ್ನ 7.10ರಲ್ಲಿ ಅದನ್ನು ಜತೆಗೇ ಕೊಟ್ಟಿತು. ಅದು ಕರ್ನೆಲಿನ ಹೊರಗೆ ಓಡುವ ಪ್ರೋಗ್ರಾಂ, ಸ್ವಲ್ಪ ನಿಧಾನ. 2021ರ ಕರ್ನೆಲ್ 5.15ರಲ್ಲಿ ಪ್ಯಾರಗಾನ್ ಕಂಪನಿಯವರು ಬರೆದ ಎನ್‌ಟಿಎಫ್‌ಎಸ್3 ಒಳಗೇ ಸೇರಿತು. ‘ಜತೆಗೇ ಬಂದಿದೆ’ ಅಂತ ಕಾರ್ಡಿನಲ್ಲಿ ಬರೆಯುವಾಗ ಯಾವುದು ಬಂದಿದೆ ಅಂತ ನೋಡಿಕೊಳ್ಳಿ.

ಇನ್ನೊಂದು, ಇದು ಮುಖ್ಯ. ವಿಂಡೋಸ್ ಉಳಿಸಿಕೊಂಡ ಆ ಎರಡು ಲ್ಯಾಪ್‌ಟಾಪ್. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮಲಗುವುದಿಲ್ಲ, ಅರ್ಧ ಕಣ್ಣು ಬಿಟ್ಟೇ ಇರುತ್ತದೆ. ಆಗ ವಿಂಡೋಸ್ ಇರುವ ಪಾರ್ಟಿಷನ್ (ಡಿಸ್ಕಿನಲ್ಲಿ ಗಡಿ ಹಾಕಿದ ಭಾಗ) ಲಿನಕ್ಸಿನಲ್ಲಿ ಓದಲು ಮಾತ್ರ ಸಿಗುತ್ತದೆ, ಕೆಲವು ಸಲ ತೆರೆಯುವುದೇ ಇಲ್ಲ. ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಮಾಡಿದರೆ ಪೂರ್ತಿ ಬಂದ್ ಆಗುತ್ತದೆ. ನನ್ನ ಹತ್ತಿರ “ಲಿನಕ್ಸ್ ನನ್ನ ಡಿಸ್ಕ್ ತಿಂದಿತು” ಅಂತ ಬರುವ ಹತ್ತರಲ್ಲಿ ಆರು ಜನರ ಕಥೆ ಇದೇ. ಕಾರ್ಡಿನಲ್ಲಿ ಇದು ಇರಲಿ. ಹುಟ್ಟಾಸರೆ ಇಲ್ಲದಿದ್ದರೂ ನಡೆಯುತ್ತದೆ.

ಡೊಂಬಿವಲಿಯಿಂದ

ಪಾರ್ಟಿಷನ್ ಅಲ್ಲ, ಪಾಲು.

ಮುಲುಂಡ್‌ನಿಂದ

ಪಾಲು ಅಂದರೆ ಅಣ್ಣತಮ್ಮಂದಿರ ಕೋರ್ಟ್ ಕೇಸು. ಒಂದೇ ಸರ್ವೆ ನಂಬರನ್ನು ಒಡೆದು ಬೇರೆ ಬೇರೆ ಮಾಡುವುದಕ್ಕೆ ನಮ್ಮ ಭೂದಾಖಲೆಯಲ್ಲಿ ಒಳ್ಳೆ ಪದ ಇದೆ: ಪೋಡಿ. ಡಿಸ್ಕೂ ಹಾಗೇ ಅಲ್ವಾ? ಹೊಲ ಒಂದೇ, ಗಡಿ ಹಾಕಿಕೊಳ್ಳುವುದು. ಮರಾಠಿಯ ಫೋಡಣೆ, ಅಂದರೆ ಒಡೆಯುವುದು, ಅದರಿಂದಲೇ ಬಂದದ್ದು ಅಂತ ನನ್ನ ನಂಬಿಕೆ.

ಲ್ಯಾಮಿಂಗ್ಟನ್ ರೋಡ್, ಮುಂಬಯಿಯಿಂದ

ಪೋಡಿ ಅಂದರೆ ನಮ್ಮ ಕರಾವಳಿಯವರಿಗೆ ಎಣ್ಣೆಯಲ್ಲಿ ಕರಿದದ್ದು ಮಾರಾಯ್ರೆ. ನೀರುಳ್ಳಿ ಪೋಡಿ, ಬಾಳೆಕಾಯಿ ಪೋಡಿ. “ನಿಮ್ಮ ಡಿಸ್ಕಿಗೆ ಎಷ್ಟು ಪೋಡಿ ಮಾಡಲಿ” ಅಂತ ಗಿರಾಕಿಯನ್ನು ಕೇಳಿದರೆ ಅವನು ಚಾ ಕೂಡ ಹೇಳುತ್ತಾನೆ.

ವಾಸ್ಕೋ, ಗೋವಾದಿಂದ

ಎರಡು ದಿನಕ್ಕೊಮ್ಮೆ ಈ ಪಟ್ಟಿ ಓದುವವಳು, ಇವತ್ತು ಸುಮ್ನೆ ಇರಲಾಗಲಿಲ್ಲ.

ಮೇಷ್ಟ್ರೇ, ಬೆಂಬಲವನ್ನು ಅರಿಸಮಾಸ ಅಂತ ಹೊರಗೆ ಹಾಕಿದಿರಿ. ಅದರ ಜಾಗಕ್ಕೆ ತಂದ ಆಸರೆ ಎಲ್ಲಿಯದು? ಸಂಸ್ಕೃತದ ಆಶ್ರಯವೇ ಸವೆದು ಆಸರೆ ಆದದ್ದು. ಅದರ ಹಿಂದೆ ಕನ್ನಡದ ಹುಟ್ಟು ಸೇರಿಸಿದಿರಿ. ನಿಮ್ಮ ಲೆಕ್ಕದಲ್ಲೇ ಇದೂ ಅರಿಸಮಾಸ ಅಲ್ವಾ?

ಇಲ್ಲಿ ಕೊಂಕಣಿಯವರು ಕಿಟಕಿಗೆ ಜನೇಲ್ ಅನ್ನುತ್ತಾರೆ, ಪೋರ್ಚುಗೀಸರದ್ದು. ನಾವು ಅನ್ನುವ ಕಿಟಕಿ ಮರಾಠಿ ಖಿಡಕಿಯ ಅಕ್ಕತಂಗಿ. ನನ್ನ ತವರು ಧಾರವಾಡದಲ್ಲಿ ಬೀಗದ ಕೈಗೆ ಚಾವಿ, ಆಲೂಗಡ್ಡೆಗೆ ಬಟಾಟಿ, ಸಂಬಳಕ್ಕೆ ಪಗಾರ. ಮೂರೂ ಪೋರ್ಚುಗೀಸ್ ಹಡಗಿನಲ್ಲಿ ಬಂದವು. ನಮ್ಮಜ್ಜಿಗೆ ಪೋರ್ಚುಗಲ್ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಚಾವಿ ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು.

ಡೊಂಬಿವಲಿಯಿಂದ

ತದ್ಭವ ಬೇರೆ, ಎರವಲು ಬೇರೆ. ಆಸರೆ ನಮ್ಮ ನಾಲಿಗೆಗೆ ಪಳಗಿ ಸಾವಿರ ವರ್ಷದ ಮೇಲಾಯಿತು. ಮನೆಗೆ ಬಂದ ಸೊಸೆ ಅದು. ನಿನ್ನೆ ಬಂದ ಡಿಫಾಲ್ಟ್ ಇನ್ನೂ ಜಗುಲಿಯಲ್ಲಿ ಕೂತ ಬಾಡಿಗೆಯವನು.

ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಮುಲುಂಡ್‌ನಿಂದ

ಮುಂಬಯಿಯಲ್ಲಿ ಜಗುಲಿಯ ಬಾಡಿಗೆಯವನನ್ನು ಎಬ್ಬಿಸುವುದು ಅಷ್ಟು ಸುಲಭವಲ್ಲ ಮೇಷ್ಟ್ರೇ. ಪಗಡಿ (ಬಾಡಿಗೆಗೆ ಹೊಗುವಾಗ ಕೊಡುವ ದೊಡ್ಡ ಮೊತ್ತ) ಕೊಟ್ಟು ಹೊಕ್ಕವನ ಮೊಮ್ಮಗನೂ ಅಲ್ಲೇ ಇರುತ್ತಾನೆ.

ಕೊಥ್ರೂಡ್, ಪುಣೆಯಿಂದ

ಎಲ್ಲರ ಮಾತು ಓದಿದೆ. ಗಂಟೆ ನಾಲ್ಕಾಯಿತು.

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಹುಟ್ಟಾಸರೆ ಹಾಕುವುದಿಲ್ಲ. ಕ್ಲಾಸಿನ ಹಿರಿಯರಿಗೆ ಅದರ ಅರ್ಥ ಹೇಳಲು ನಾನು ಇನ್ನೊಂದು ಕಾರ್ಡ್ ಮಾಡಿಸಬೇಕಾಗುತ್ತದೆ. ಕಡತದ ಕಥೆ ಮಾತ್ರ ಶನಿವಾರ ಕ್ಲಾಸಿನಲ್ಲಿ ಖಂಡಿತ ಹೇಳುತ್ತೇನೆ.

ಮುಲುಂಡ್ ಅಣ್ಣ ಹೇಳಿದ್ದು ನನ್ನ ಗಂಟು ಬಿಡಿಸಿತು. ನಾನು ‘ಬೈ ಡಿಫಾಲ್ಟ್’ಗೆ ಪದ ಹುಡುಕುತ್ತಾ ಕೂತಿದ್ದೆ. ಬೇಕಿದ್ದದ್ದು ನಾಮಪದ ಅಲ್ಲವೇ ಅಲ್ಲ. ಇಲ್ಲಿ ಹೋಟೆಲಿನಲ್ಲಿ ದೋಸೆ ಹೇಳಿದರೆ ಚಟ್ನಿ, ಸಾಂಬಾರ್ ಹೇಳದೇ ಬರುತ್ತವೆ. ಯಾರೂ ಅದನ್ನು ಪೂರ್ವನಿಯೋಜಿತ ಚಟ್ನಿ ಅನ್ನುವುದಿಲ್ಲ. ‘ಜತೆಗೇ ಬರುತ್ತದೆ’ ಅನ್ನುತ್ತೇವೆ, ಮುಗಿಯಿತು. ಸಪೋರ್ಟ್ ಕೂಡ ಹಾಗೇ. ಬೆಂಬಲ ಸರಿಯೋ ತಪ್ಪೋ ಅಂತ ಜಗಳವಾಡುವ ಬದಲು ‘ತೆರೆಯುತ್ತದೆ’ ಅಂದರೆ ಬೆಂಬಲದ ಕೆಲಸ ಅದೇ ಮಾಡಿತು. ಹಳೇ ಅನುವಾದದಲ್ಲಿ ‘ಮೌಂಟ್’ಗೆ, ಅಂದರೆ ಡಿಸ್ಕನ್ನು ಬಳಕೆಗೆ ಜೋಡಿಸುವುದಕ್ಕೆ, ‘ಆರೋಹಿಸು’ ಅಂತ ನೋಡಿದ್ದೆ, ಪೆನ್‌ಡ್ರೈವ್ ಸಿಂಹಗಡ ಹತ್ತಿದ ಹಾಗೆ. ಅದನ್ನೂ ಕೈಬಿಟ್ಟೆ.

ಲ್ಯಾಮಿಂಗ್ಟನ್ ರೋಡಿನ ತಮ್ಮ ಹೇಳಿದ ಮೇಲೆ ಎಲ್ಲ ಲ್ಯಾಪ್‌ಟಾಪಿನಲ್ಲೂ ಮೂರು ಬಗೆಯ ಡಿಸ್ಕ್ ಹಾಕಿ ನೋಡಿದೆ, ಓದುವುದು ಬರೆಯುವುದು ಎರಡೂ ಸರಿ ಇದೆ. ಒಂದು ಹೊಸ ತೊಂದರೆ ಮಾತ್ರ ಸಿಕ್ಕಿತು, ಇದು ನಮ್ಮವರಿಗೇ ಜಾಸ್ತಿ. ಒಬ್ಬರು ಪ್ರತಿ ಫೋಟೋಗೂ ಉದ್ದ ಕನ್ನಡ ಹೆಸರು ಕೊಟ್ಟಿದ್ದರು, ‘ಚಿಕ್ಕಮ್ಮನ ಮಗಳ ಸೀಮಂತ ಕಾರ್ಯಕ್ರಮ’ದಿಂದ ಶುರುವಾಗಿ ಊರು, ತಾರೀಕು, ಬಂದವರ ಪಟ್ಟಿ ತನಕ. ವಿಂಡೋಸಿನಲ್ಲಿ ಇತ್ತು, ಲಿನಕ್ಸಿಗೆ ನಕಲು ಮಾಡಿದರೆ ‘ಹೆಸರು ಉದ್ದವಾಯಿತು’ ಅಂತ ಬಂತು. ಕಾರಣ ಏನೆಂದರೆ ಎನ್‌ಟಿಎಫ್‌ಎಸ್ ಹೆಸರಿನಲ್ಲಿ 255 ಕನ್ನಡ ಚಿಹ್ನೆ ಹಿಡಿಸುತ್ತದೆ. ಲಿನಕ್ಸಿನ ಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ 255 ಬೈಟ್ (ಕಂಪ್ಯೂಟರ್ ಅಕ್ಷರ ಕೂಡಿಡುವ ಅಳತೆ). ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್, ಅಂದರೆ 85 ಚಿಹ್ನೆಗೆ ಮುಗಿಯಿತು. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ, ಒಳಗೆ 6 ಚಿಹ್ನೆ, 18 ಬೈಟ್. ಅಚ್ಚಗನ್ನಡವೋ ಸಂಸ್ಕೃತವೋ ಅಂತ ಕಂಪ್ಯೂಟರ್ ಕೇಳುವುದಿಲ್ಲ, ಬೈಟ್ ಮಾತ್ರ ಎಣಿಸುತ್ತದೆ.

ಕಾರ್ಡಿಗೆ ಹೀಗೆ ಹೋಗುತ್ತದೆ:

“ವಿಂಡೋಸಿನಲ್ಲಿ ಬಳಸಿದ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಇದರಲ್ಲಿ ತೆರೆಯುತ್ತದೆ. ಅದಕ್ಕೆ ಬೇಕಾದದ್ದು ಜತೆಗೇ ಬಂದಿದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಫೈಲಿನ ಕನ್ನಡ ಹೆಸರು ಚಿಕ್ಕದಾಗಿರಲಿ. ಕೀಳುವ ಮೊದಲು ‘ಹೊರತೆಗೆ’ ಒತ್ತಿ.”

ಆ ಎರಡು ಲ್ಯಾಪ್‌ಟಾಪಿಗೆ ಮಾತ್ರ ಇನ್ನೊಂದು ಸಾಲು: “ವಿಂಡೋಸ್ ಮುಗಿಸುವಾಗ ಶಿಫ್ಟ್ ಹಿಡಿದು ಪೂರ್ತಿ ಬಂದ್ ಮಾಡಿ.”

ಡೊಂಬಿವಲಿಯಿಂದ

ಬಂದ್ ಪಾರಸಿ. ‘ಆರಿಸಿ’ ಅಂತ ಬರೆಯಿರಿ.

ವಾಸ್ಕೋ, ಗೋವಾದಿಂದ

‘ಪೂರ್ತಿ ಆರಿಸಿ’ ಅಂದರೆ ಅಕ್ಕಿ ಹರವಿಕೊಂಡು ಕಲ್ಲು ಹುಡುಕಲು ಕೂರುತ್ತಾರೆ ಮೇಷ್ಟ್ರೇ.

ಕೊಥ್ರೂಡ್, ಪುಣೆಯಿಂದ

5:40ಕ್ಕೇ ಪ್ರೆಸ್ಸಿಗೆ ಹೋಯಿತು. ಬಂದ್ ಅಂತಲೇ ಹೋಯಿತು.