'ಟ್ಯೂನ್ ಮಾಡಿ' ಎಂದರೆ ಯಾವ ಕೆಲಸ? ಯಾಗಿ ಆಂಟೆನಾ ಕೈಪಿಡಿಗೆ ಪದ ಬೇಕು

ಪ್ರಶ್ನೆ, ಸಾಗರದಿಂದ:

ಹವ್ಯಾಸಿ ರೇಡಿಯೋಗೆ ಹೊಸದಾಗಿ ಬರುವವರಿಗಾಗಿ ಕನ್ನಡದಲ್ಲಿ ಚಿಕ್ಕ ಕೈಪಿಡಿ ಬರೆಯುತ್ತಿದ್ದೇವೆ. 160 ಮೆಗಾಹರ್ಟ್ಸ್‌ಗೆಂದು ಮಾಡಿದ ಮೂರು ಕಡ್ಡಿಯ ಹಳೆಯ ಯಾಗಿ ಆಂಟೆನಾವನ್ನು (ಒಂದು ದಿಕ್ಕಿಗೆ ಹೆಚ್ಚು ಅಲೆ ಬೀರುವಂಥದ್ದು) ಟವರಿನಿಂದ ಇಳಿಸಿ, 2 ಮೀಟರ್ ಬ್ಯಾಂಡಿಗೆ (144ರಿಂದ 146 ಮೆಗಾಹರ್ಟ್ಸ್) ಒಗ್ಗಿಸುವುದು ಹೇಗೆ ಎಂಬುದು ವಿಷಯ. ಕರಡಿನಲ್ಲಿ ಹೀಗಿದೆ: 'ಆಂಟೆನಾವನ್ನು 145ಕ್ಕೆ ಟ್ಯೂನ್ ಮಾಡಿ, ಎಸ್‌ಡಬ್ಲ್ಯೂಆರ್ 1.5ಕ್ಕಿಂತ ಕೆಳಗೆ ಬರಲಿ.' (ಎಸ್‌ಡಬ್ಲ್ಯೂಆರ್ ಎಂದರೆ ಕೇಬಲಿಗೂ ಆಂಟೆನಾಕ್ಕೂ ಹೊಂದಿಕೆ ಎಷ್ಟಿದೆ ಎಂಬ ಅಂಕಿ, 1.0 ಬಂದರೆ ಪೂರ್ತಿ ಹೊಂದಿಕೆ.) ಇಲ್ಲಿ 'ಶ್ರುತಿ ಮಾಡಿ' ಎನ್ನಬಹುದೇ? ರಿಫ್ಲೆಕ್ಟರ್ (ಅಲೆಯನ್ನು ಮುಂದಕ್ಕೆ ತಿರುಗಿಸುವ ಹಿಂದಿನ ಕಡ್ಡಿ), ಡೈರೆಕ್ಟರ್‌ (ಅಲೆಯನ್ನು ತನ್ನ ಕಡೆಗೆ ಸೆಳೆಯುವ ಮುಂದಿನ ಕಡ್ಡಿ) ಇವುಗಳಿಗೆ ಕನ್ನಡದ ಹೆಸರು ಕೊಡಬೇಕೇ? ಪರೀಕ್ಷೆಗೆ ಆಂಟೆನಾ ಎತ್ತಿ ಹಿಡಿಯುವ ಕೋಲಿಗೆ 'ದೋಟಿ' (ಮರದ ಮೇಲಿನ ಅಡಿಕೆ ಕೊಯ್ಯುವ ಉದ್ದ ಕೋಲು) ಎಂದು ಬರೆದಿದ್ದೇವೆ, ಅಡಿಕೆ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ, ತೀರ್ಥಹಳ್ಳಿಯಿಂದ:

ನಿಮ್ಮ ವಾಕ್ಯದಲ್ಲಿ ಪದಕ್ಕಿಂತ ಮೊದಲು ಕೆಲಸವೇ ಕಲಸಿಹೋಗಿದೆ ಸರ್. ರೇಡಿಯೋದವರ ಬಾಯಲ್ಲಿ 'ಟ್ಯೂನ್' ಎಂದರೆ ಎರಡು ಬೇರೆ ಕೆಲಸ. ಕಡ್ಡಿಗಳ ಉದ್ದ ಬದಲಿಸಿ ಬೇಕಾದ ಕಂಪನಾಂಕಕ್ಕೆ ತರುವುದು ಒಂದು. ಗಾಮಾ ರಾಡಿನ (ಕೇಬಲ್ ಸೇರುವ ಕಡ್ಡಿಯ ಪಕ್ಕದಲ್ಲಿ ಅದಕ್ಕೆ ಸಮಾನಾಂತರವಾಗಿರುವ ಚಿಕ್ಕ ಸರಳು) ಪಟ್ಟಿ ಸರಿಸಿ ಕೇಬಲಿನ 50 ಓಮ್‌ಗೆ ಕೂಡಿಸುವುದು ಇನ್ನೊಂದು. ಮೊದಲನೆಯದಕ್ಕೆ 'ಶ್ರುತಿ' ಚೆನ್ನಾಗಿ ಒಪ್ಪುತ್ತದೆ, ಎರಡನೆಯದಕ್ಕೆ 'ಹೊಂದಿಸು' ಸಾಕು. ಎರಡಕ್ಕೂ ಒಂದೇ ಪದ ಹಾಕಿದರೆ ಓದುಗ ಸುಲಭದ ಕೆಲಸವನ್ನಷ್ಟೇ ಮಾಡಿ ಇಳಿದುಬರುತ್ತಾನೆ.

ಆಗ ಏನಾಗುತ್ತದೆ ನೋಡಿ. 160ರ ಯಾಗಿಯಲ್ಲಿ ಸಾಮಾನ್ಯವಾಗಿ ಹಿಂದಿನ ಕಡ್ಡಿ 94 ಸೆಂ.ಮೀ., ಕೇಬಲ್ ಸೇರುವ ಕಡ್ಡಿ 89.4, ಮುಂದಿನದು 85 ಆಸುಪಾಸು. 145ರಲ್ಲಿ ಶ್ರುತಿಗೆ ಬೇಕಾದ ಉದ್ದ 98.6 ಸೆಂ.ಮೀ. (143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಸಿಗುತ್ತದೆ). ಅದಕ್ಕಿಂತ ಗಿಡ್ಡವಾದ ಕಡ್ಡಿ ಡೈರೆಕ್ಟರಿನಂತೆ ವರ್ತಿಸುತ್ತದೆ. ಅಂದರೆ ನಿಮ್ಮ ರಿಫ್ಲೆಕ್ಟರೇ 145ರಲ್ಲಿ ಡೈರೆಕ್ಟರ್ ಆಗಿ ಕೂರುತ್ತದೆ! ಗಾಮಾ ಸರಿಸಿದರೆ ಎಸ್‌ಡಬ್ಲ್ಯೂಆರ್ 1.3ಕ್ಕೆ ಬಂದರೂ ಬರಬಹುದು, ಆದರೆ ಆಂಟೆನಾ ಕುಂದಾದ್ರಿ ಕಡೆ ಮುಖ ಮಾಡಿ, ಬೆನ್ನ ಹಿಂದಿನ ಶಿವಮೊಗ್ಗ ಕಡೆ ಹೆಚ್ಚು ಅಲೆ ಬೀರುತ್ತಿರುತ್ತದೆ. ಎಸ್‌ಡಬ್ಲ್ಯೂಆರ್ ಕೇಬಲಿನ ಹೊಂದಿಕೆಯ ಅಳತೆ, ಆಂಟೆನಾದ ಯೋಗ್ಯತೆಯದಲ್ಲ. ಡಮ್ಮಿ ಲೋಡ್ (ಅಲೆ ಬೀರದೆ ಶಕ್ತಿಯನ್ನೆಲ್ಲ ಬಿಸಿಯಾಗಿಸುವ ಪರೀಕ್ಷೆಯ ಸಾಧನ) ಕೂಡ 1.0 ತೋರಿಸುತ್ತದೆ. ನೀರು ಕುಡಿದ ಕೇಬಲ್ ರೇಡಿಯೋ ತುದಿಯಲ್ಲಿ ಇನ್ನೂ ಚೆಂದದ ಅಂಕಿ ತೋರಿಸುತ್ತದೆ.

ಹಾಗಾಗಿ ಮೊದಲು ಗುಣಾಕಾರ: 160 ÷ 145 = 1.103. ಎಲ್ಲ ಉದ್ದಗಳನ್ನೂ ಇದರಿಂದ ಗುಣಿಸಿದರೆ 103.7, 98.6, 93.8. ಹಿಂದಿನ ಕಡ್ಡಿಗೆ ಪ್ರತಿ ತುದಿಯಲ್ಲಿ 4.8, ನಡುವಿನದಕ್ಕೆ 4.6, ಮುಂದಿನದಕ್ಕೆ 4.4 ಸೆಂ.ಮೀ. ಸೇರಬೇಕು. 10 ಮಿ.ಮೀ. ಕೊಳವೆಯ ಗೋಡೆ 1 ಮಿ.ಮೀ. ಇದ್ದರೆ 8 ಮಿ.ಮೀ. ಅಲ್ಯೂಮಿನಿಯಂ ಸರಳು ಒಳಗೆ ಬಿಗಿಯಾಗಿ ಕೂರುತ್ತದೆ. ಒಳಗೆ 4 ಸೆಂ.ಮೀ. ಹೋಗಲಿ. ಕೊಳವೆಯ ಬಾಯಿಯನ್ನು 2 ಸೆಂ.ಮೀ. ಸೀಳಿ ಹೋಸ್ ಕ್ಲಿಪ್ ಬಿಗಿಯಿರಿ, ಅದಕ್ಕೂ ಮೊದಲು ಎರಡೂ ಮೈಯನ್ನು ಎಮರಿ ಕಾಗದದಿಂದ ಉಜ್ಜಿ. ಬೂಮ್ (ಕಡ್ಡಿಗಳನ್ನು ಹೊತ್ತ ಕೊಳವೆ) ಉದ್ದ ಸಾಲದಿದ್ದರೆ ಕಡ್ಡಿಗಳ ನಡುವಿನ ಅಂತರ ಹಳೆಯದೇ ಇರಲಿ, 37.5 ಸೆಂ.ಮೀ. ಇದ್ದದ್ದು ತರಂಗಾಂತರದ 0.20ರಿಂದ 0.18ಕ್ಕೆ ಇಳಿಯುತ್ತದೆ ಅಷ್ಟೇ. ಇಷ್ಟಾದ ಮೇಲೆ ಗಾಮಾ. ನಡುವಿನ ಕಡ್ಡಿ 1 ಸೆಂ.ಮೀ. ಹೆಚ್ಚುಕಡಿಮೆಯಾದರೆ ಶ್ರುತಿ ಸುಮಾರು 1.5 ಮೆಗಾಹರ್ಟ್ಸ್ ಜಾರುತ್ತದೆ, ಬ್ಯಾಂಡ್ ಇರುವುದೇ 2 ಮೆಗಾಹರ್ಟ್ಸ್ ಅಗಲ. 'ಸ್ವಲ್ಪ ಉದ್ದ ಮಾಡಿ' ಎಂದು ಬರೆಯಬೇಡಿ, ಮಿಲಿಮೀಟರ್ ಬರೆಯಿರಿ.

ಹೆಸರುಗಳ ಮಾತು. ಹಿಂಗಾಲು, ಮುಂಗಾಲು ಇರುವಾಗ ಹಿಂಗಡ್ಡಿ, ಮುಂಗಡ್ಡಿ ಯಾರ ಕಿವಿಗೂ ಚುಚ್ಚುವುದಿಲ್ಲ, ಯಾವುದು ಎತ್ತ ಎಂಬುದೂ ಹೆಸರಲ್ಲೇ ಇದೆ. ನಡುವಿನದಕ್ಕೆ ಮಾತ್ರ 'ನಡುಗಡ್ಡಿ' ಬೇಡ, ಶರಾವತಿ ಹಿನ್ನೀರಿನವರಿಗೆ ನಡುಗಡ್ಡೆಯೇ ಕಣ್ಣಿಗೆ ಬರುತ್ತದೆ. 'ಕೇಬಲ್ ಕಡ್ಡಿ' ಇರಲಿ. ತರಂಗಾಂತರ, ಕಂಪನಾಂಕ ಎರಡೂ ಆಕಾಶವಾಣಿಯಿಂದ ಎಲ್ಲರಿಗೂ ರೂಢಿ. ಭದ್ರಾವತಿಯ 675 ಕಿಲೋಹರ್ಟ್ಸ್ ಸುಮಾರು 444 ಮೀಟರ್, ಹಾಗೆಯೇ 145 ಮೆಗಾಹರ್ಟ್ಸ್ 2.07 ಮೀಟರ್ ಎಂದರೆ ಬ್ಯಾಂಡಿನ ಹೆಸರೂ ಬಿಡಿಸಿದಂತಾಯಿತು.

'ದೋಟಿ'ಯನ್ನು ದಯವಿಟ್ಟು ತೆಗೆಯಿರಿ. ಈಗ ತೋಟದವರ ಕೈಯಲ್ಲಿರುವ ಹಗುರ ದೋಟಿ ಕಾರ್ಬನ್ ಫೈಬರಿನದು, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಕಡ್ಡಿಗೆ ಸಮಾನಾಂತರವಾಗಿ ನಿಂತರೆ ಅಳತೆಯೆಲ್ಲ ಸುಳ್ಳು. ಕರೆಂಟ್ ಲೈನ್ ಹತ್ತಿರವಂತೂ ಜೀವಕ್ಕೇ ಅಪಾಯ. 'ಒಣಗಿದ ಬಿದಿರಿನ ಕೋಲು' ಎಂದೇ ಬರೆಯಿರಿ, ಲೈನಿನಿಂದ ದೂರ ಎಂದೂ ಸೇರಿಸಿ.

ಮತ್ತೆ ಸಾಗರದಿಂದ:

ವಾಕ್ಯ ಹೀಗೆ ತಿದ್ದಿದ್ದೇವೆ: 'ಮೂರೂ ಕಡ್ಡಿಗಳ ಉದ್ದ ಬದಲಿಸಿ 145ಕ್ಕೆ ಶ್ರುತಿ ಮಾಡಿ, ಆಮೇಲೆ ಗಾಮಾ ಸರಿಸಿ ಕೇಬಲಿಗೆ ಹೊಂದಿಸಿ.' ಇನ್ನೊಂದು ಉಳಿಯಿತು: ಕನೆಕ್ಟರ್ ಹತ್ತಿರ ಕೇಬಲನ್ನು ಬಾಗಿಸಿ ಬಿಡುತ್ತಾರಲ್ಲ, ಅದಕ್ಕೇನು ಹೆಸರು?

ಉತ್ತರ:

ಹೆಸರು ಬೇಡ, 'ಕೇಬಲ್ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೇರಿ ಕನೆಕ್ಟರ್ ಸೇರಲಿ' ಎಂದರೆ ಆಗುಂಬೆಯ ಮಳೆ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಪಿಎಲ್-259 ನೀರು ತಡೆಯುವ ಕನೆಕ್ಟರ್ ಅಲ್ಲ. ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಸುತ್ತಲು ಹೇಳಿ. ಮೇಲಿನಿಂದ ಸುತ್ತಿದರೆ ಪ್ರತಿ ಸುತ್ತಿನ ಅಂಚೂ ನೀರಿಗೆ ಬಾಯಿ ತೆರೆದಿರುತ್ತದೆ.